ಅಬ್ಬಾಸಣ್ಣನಿಗೆ ಕೇಳಿದ ಸದ್ದು

ನಿನ್ನೆ ಕೊಪ್ಪದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನನ್ನ ಕಾರಿನ ಸ್ಟೇರಿಂಗ್ ಕೆಳಗೆ ಅಂಗೈಯಗಲದ ಯಂತ್ರವೊಂದನ್ನು ಸಿಕ್ಕಿಸಿದ. ಪರದೆಯ ಮೇಲೆ ಒಂದು ಅಕ್ಷರ, ಪಕ್ಕದಲ್ಲಿ ಕೆಲವು ಅಂಕಿಗಳು ಮೂಡಿದವು. “ಸೆನ್ಸರ್ ಹೋಗಿದೆ ಸಾರ್, ಬೇರೆ ಹಾಕಿದ್ರೆ ಆಯ್ತು” ಎಂದ. ಇಂಜಿನ್ನು ತನ್ನ ಕಾಯಿಲೆಯನ್ನು ತಾನೇ ಹೇಳಿಕೊಳ್ಳುವ ಕಾಲವಿದು. ಆದರೂ ನನಗೆ ಸಮಾಧಾನವಿಲ್ಲ. “ಇನ್ನೊಂದ್ಸಲ ನೋಡು ಮಾರಾಯ” ಎನ್ನುತ್ತ ಅವನ ಬೆನ್ನ ಹಿಂದೆ ಅತ್ತಿಂದಿತ್ತ ಓಡಾಡುತ್ತಿದ್ದೆ. ಹಾಗೆ ಓಡಾಡುವಾಗಲೇ ಅಬ್ಬಾಸಣ್ಣ ನೆನಪಾದದ್ದು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕೊಪ್ಪಕ್ಕೆ ಹೊಸದಾಗಿ ಬಂದ ಮೇಷ್ಟ್ರು. ಪಕ್ಕದ ಮನೆ ಅಬ್ಬಾಸಣ್ಣನದು. ಬಸರೀಕಟ್ಟೆ ಕಡೆಯ ಎಸ್ಟೇಟುಗಳ ಲಾರಿ ಓಡಿಸಿ ಓಡಿಸಿ, ಕಡೆಗೊಂದು ಹಳೆಯ ಅಂಬಾಸಿಡರ್ ಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಅದಕ್ಕೆ ಅವನು ಮಾಡುತ್ತಿದ್ದ ಆರೈಕೆ ನೋಡಿದರೆ ಬಾಣಂತಿಯರೂ ಹೊಟ್ಟೆಕಿಚ್ಚು ಪಡಬೇಕು.

ಒಂದು ದಿನ ನನ್ನನ್ನು ಕೂರಿಸಿಕೊಂಡು ಕಾರು ಓಡಿಸುತ್ತ, “ಮೇಷ್ಟ್ರೇ, ಕೇಳ್ತದಾ? ಕುಂಯ್ಯ್ ಅಂತ ಸಣ್ಣ ಸ್ವರ” ಎಂದ. ನಾನು ಸಂಗೀತ ಬಲ್ಲವನಂತೆ ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳಿದೆ. ಏನೂ ಇಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇನ್ನೂ ಜೋರಾಗಿ ಕೇಳುತ್ತದಂತೆ.

ಮೆಕ್ಯಾನಿಕ್ ಶೇಷಪ್ಪ ಅವನ ಹಳೆಯ ಗೆಳೆಯ. ಫ್ಯಾನ್ ಬೆಲ್ಟ್ ಬದಲಾಯಿಸಿದ. ಡೈನಮೋ ಬಿಚ್ಚಿ ಬೇರಿಂಗ್ ಹಾಕಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಡಾಕ್ಟರರಂತೆ ಪರೀಕ್ಷಿಸಿದ. ಸದ್ದು ಹೋಗಲಿಲ್ಲ. ಅಬ್ಬಾಸಣ್ಣ ಊಟಕ್ಕೆ ಕೂತವನು ಎದ್ದು ಹೋಗಿ ಬಾನೆಟ್ ತೆಗೆಯುವನು; ಶೃಂಗೇರಿಗೆ ಹೊರಟವರನ್ನು ನಡುದಾರಿಯಲ್ಲಿ ಇಳಿಸಿ ಚಕ್ರಕ್ಕೆ ಕಿವಿಗೊಡುವನು. ಜನ ಬೇರೆ ಕಾರು ಹುಡುಕತೊಡಗಿದರು.

ಕಡೆಗೆ ಶೇಷಪ್ಪ ಸ್ಪ್ಯಾನರ್ ಕೆಳಗಿಟ್ಟು, “ಗಾಡಿಗೆ ಎಂತದೂ ಆಗ್ಲಿಲ್ಲ ಮಾರಾಯ” ಎಂದ.

“ನಿಂಗೆ ಕೆಲಸ ಬರೋದಿಲ್ಲ ಅಂತ ಹೇಳು!” ಅಬ್ಬಾಸಣ್ಣ ಎಲ್ಲರೆದುರು ಕೂಗಾಡಿದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಅದಾದ ಮೇಲೊಮ್ಮೆ ನನಗೆ ನರಸಿಂಹರಾಜಪುರಕ್ಕೆ ಹೋಗಬೇಕಿತ್ತು. ಅವನದೇ ಕಾರು. ಕಡಹಿನಬೈಲಿನ ಗದ್ದೆಗಳ ಪಕ್ಕ, ರೇಡಿಯೇಟರಿಗೆ ನೀರು ಹಾಕಲೆಂದು ಇಂಜಿನ್ ಬಂದ್ ಮಾಡಿ ಇಳಿದ. ಕೊಯ್ಲು ಮುಗಿದ ಬಯಲು, ಮಟಮಟ ಮಧ್ಯಾಹ್ನ, ಒಂದು ಎಲೆಯೂ ಅಲುಗುತ್ತಿರಲಿಲ್ಲ.

“ಈಗ ಕೇಳಿ! ಎಷ್ಟು ಸ್ಪಷ್ಟ!”

“ಅಬ್ಬಾಸಣ್ಣ, ಇಂಜಿನ್ ಬಂದ್ ಆಗಿದೆಯಲ್ಲ.”

ಅವನು ನನ್ನ ಮುಖ ನೋಡಿದ. ಬಾನೆಟ್ ನೋಡಿದ. ಆಮೇಲೆ ಗದ್ದೆಯಂಚು ಹಿಡಿದು ನಡೆಯತೊಡಗಿದ. ನಿಂತು ಕೇಳುವನು, ಮತ್ತೆ ನಡೆಯುವನು. ಅವನ ಬಿಳಿ ಟೊಪ್ಪಿ ದೂರದಲ್ಲಿ ಚುಕ್ಕಿಯಾಯಿತು. ಬಹಳ ನಿಧಾನವಾಗಿ ತಿರುಗಿ ಬಂದ.

“ಸ್ವರ ಅಲ್ಲಿಗೂ ಬಂತು ಮೇಷ್ಟ್ರೇ.”

ಕಾರಿನ ಮೇಲೆ ಕೈಯಿಟ್ಟು, “ಪಾಪ, ಇದಕ್ಕೆ ಏನೂ ಇಲ್ಲ” ಎಂದು ನಕ್ಕ. ನಗುತ್ತಿದ್ದಂತೆಯೇ ಮುಖ ಬಾಡಿತು. “ಕಿವಿ ಹೋದ್ರೆ ನಂಗೆ ಗಾಡಿ ಓಡಿಸ್ಲಿಕ್ಕೆ ಬಿಡ್ತಾರಾ?” ನಾನೇ ಅವನನ್ನು ಡಾಕ್ಟರ ಬಳಿ ಕರೆದೊಯ್ದೆ.

ಡಾಕ್ಟರು ಪರೀಕ್ಷಿಸಿ ಹೇಳಿದರು: ಲಾರಿಯ ಗದ್ದಲಕ್ಕೆ ಕಿವಿಯ ನರ ಸೋತಿದೆ, ಸದ್ದು ಹೋಗುವುದಿಲ್ಲ, ಕಾರು ಓಡಿಸಲು ಅಡ್ಡಿಯಿಲ್ಲ. ಅಲ್ಲಿಂದ ಅವನು ನೇರ ಶೇಷಪ್ಪನ ಗ್ಯಾರೇಜಿಗೆ ನಡೆದ, ಜೊತೆಗೆ ನಾನು.

“ಶೇಷಪ್ಪ, ನಿನ್ನ ಕೈಯಲ್ಲಿ ತಪ್ಪಿಲ್ಲ. ನನ್ನ ಕಿವಿಯಲ್ಲೇ ಇತ್ತು.”

ಶೇಷಪ್ಪ ಕೈಯ ಗ್ರೀಸ್ ಒರೆಸುತ್ತಲೇ ಇದ್ದ. ಆಮೇಲೆ, “ಹಂಗಾದ್ರೆ ನಾನು ಬಿಚ್ಚಿದ್ದೆಲ್ಲ ದಂಡ ಅಲ್ವ?” ಎಂದ.

“ಎಂತ ದಂಡ? ಇಡೀ ತಾಲೂಕಲ್ಲಿ ಇಷ್ಟು ಒಳ್ಳೆ ಗಾಡಿ ಇನ್ನೊಂದಿಲ್ಲ!”

ಇಬ್ಬರೂ ನಕ್ಕರು. ಶೇಷಪ್ಪನೇ ಚಹಾ ತರಿಸಿದ.

ಅಬ್ಬಾಸಣ್ಣ ಮತ್ತೆ ಬಾಡಿಗೆ ಓಡಿಸಿದ. ಆದರೆ ಒಬ್ಬನೇ ಕೂರಲು ಅವನಿಂದಾಗುತ್ತಿರಲಿಲ್ಲ. ಹೋಗುವವರನ್ನೆಲ್ಲ ಕರೆದು ಮಾತಿಗೆಳೆಯುವನು. “ನೀವು ಮಾತಾಡ್ತಿದ್ರೆ ಅದು ಸುಮ್ಮನಿರ್ತದೆ” ಎನ್ನುವನು. ಅವನು ತೀರಿಕೊಂಡು ಬಹಳ ಕಾಲವಾಯಿತು.

ನಿನ್ನೆ ಗ್ಯಾರೇಜಿನಿಂದ ಹೊರಟವನು ಭಂಡಿಗಡಿ ದಾಟಿ, ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ ಇಂಜಿನ್ ಬಂದ್ ಮಾಡಿದೆ. ಕಿಟಕಿಯ ಗಾಜು ಇಳಿಸಿದೆ. ಎಲ್ಲೋ ಒಂದು ಹಕ್ಕಿ ಕೂಗಿತು. ಆಮೇಲೆ ಅದೂ ಇಲ್ಲ. ಅಬ್ಬಾಸಣ್ಣನಿಗೆ ಕೊನೆತನಕ ಸಿಗದ ಮೌನ ನನ್ನೆದುರು ಸುಮ್ಮನೆ ಬಿದ್ದಿತ್ತು. ತುಸು ಹೊತ್ತು ಅದರಲ್ಲೇ ಕೂತಿದ್ದೆ, ನಿಮ್ಮಾಣೆ, ಕಾಲೂ ಅಲ್ಲಾಡಿಸದೆ.