ಎರಡು ಕೋಣೆ, ಒಬ್ಬರೇ ಪ್ರತಿನಿಧಿ

ಆ ಎರಡು ವಾರ ನಾನು ಪರೇಲ್‌ನ ಆಫೀಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು, ದೂರದ ದೇಶದಲ್ಲಿ ನಡೆಯುತ್ತಿದ್ದ ಹವಾಮಾನ ಮಾತುಕತೆಯನ್ನು ಕೇಳುತ್ತ ಕೂತಿರುತ್ತಿದ್ದೆ. ನಮ್ಮದು ಚಿಕ್ಕ ಸಂಸ್ಥೆ. ಹೆಚ್ಚು ಜನರನ್ನು ಕಳಿಸಲಾಗದ ಬಡ ದೇಶಗಳಿಗೆ ಟಿಪ್ಪಣಿ ಬರೆದುಕೊಡುವುದು ಕೆಲಸ. ನನ್ನ ಪಾಲಿಗೆ ಬಂದದ್ದು ಒಂದು ದ್ವೀಪದೇಶ. ಅಲ್ಲಿಂದ ಮಾತುಕತೆಗೆ ಬಂದಿದ್ದವರು ಒಬ್ಬರೇ ಮಹಿಳೆ, ನನ್ನ ಅವ್ವನ ವಯಸ್ಸಿನವರು. ಒಂದೇ ಹೊತ್ತಿಗೆ ಎರಡು ಕೋಣೆಗಳಲ್ಲಿ ಚರ್ಚೆ ನಡೆದರೆ ಅವರು ಒಂದರಲ್ಲಿ ಇರುತ್ತಿದ್ದರು, ಇನ್ನೊಂದಕ್ಕೆ ನನ್ನ ಕಿವಿ. ನಾನು ಕೇಳಬಹುದಿತ್ತು, ಮಾತಾಡುವಂತಿರಲಿಲ್ಲ. ಶ್ರೀಮಂತ ದೇಶಗಳವರು ಪ್ರತಿ ಕೋಣೆಗೂ ಮೂರು ನಾಲ್ಕು ಜನ. ಒಬ್ಬರು ಕಾಫಿಗೆ ಎದ್ದರೆ ಇನ್ನೊಬ್ಬರು ಬಂದು ಕೂರುತ್ತಿದ್ದರು.

ಆ ದ್ವೀಪದಲ್ಲಿ ಸಮುದ್ರ ಒಳನುಗ್ಗಿ ಬಾವಿಗಳ ನೀರು ಉಪ್ಪಾಗಿತ್ತು. ಇಂಥ ನಷ್ಟಕ್ಕೆ ಶ್ರೀಮಂತ ದೇಶಗಳು ಹಣ ಕೊಡಬೇಕು ಎಂಬ ಒಂದು ಸಾಲು ಒಪ್ಪಂದದ ಕರಡಿನಲ್ಲಿತ್ತು. ಆ ಮಹಿಳೆ ಅಷ್ಟು ದೂರ ಬಂದದ್ದು ಆ ಸಾಲಿಗಾಗಿ. ಅದಕ್ಕೆ ಯಾರಾದರೂ ಕೈ ಹಾಕಿದರೆ ತಕ್ಷಣ ತಿಳಿಸಿ, ಓಡಿ ಬರುತ್ತೇನೆ ಎಂದಿದ್ದರು.

ಎರಡನೆಯ ಗುರುವಾರ ಮಧ್ಯಾಹ್ನ, ನಾನು ಕೇಳುತ್ತಿದ್ದ ಕೋಣೆಯಲ್ಲಿ, ಶ್ರೀಮಂತ ದೇಶವೊಂದರ ಪ್ರತಿನಿಧಿ ಆ ಸಾಲನ್ನು 'ಇಚ್ಛೆಯಿರುವ ದೇಶಗಳು ಕೊಡಬಹುದು' ಎಂದು ಬದಲಿಸೋಣ ಎಂದರು, ತೀರ ಮೆದುವಾಗಿ. ನಾನು ಮೆಸೇಜ್ ಟೈಪ್ ಮಾಡಿದೆ. ಪ್ಯಾರಾದ ಸಂಖ್ಯೆ ಸರಿಯೇ ಎಂದು ನೋಡಿದೆ. ಹಳೆಯ ಕರಡಿನೊಂದಿಗೆ ಹೋಲಿಸಿದೆ. ಮತ್ತೊಮ್ಮೆ ಓದಿದೆ. ತಪ್ಪು ಬರೆದು ಕಳಿಸುವುದು ನನ್ನಿಂದಾಗದು. ಅಷ್ಟರಲ್ಲಿ ಅಧ್ಯಕ್ಷರು ಆಕ್ಷೇಪವಿದೆಯೇ ಎಂದು ಕೇಳಿದರು. ಉಳಿದ ಬಡ ದೇಶಗಳ ಒಬ್ಬೊಬ್ಬ ಪ್ರತಿನಿಧಿಯೂ ಪಕ್ಕದ ಕೋಣೆಯಲ್ಲೇ ಇದ್ದರು. ಇಂಥ ಸಭೆಯಲ್ಲಿ ಯಾರೂ ಮಾತಾಡದಿದ್ದರೆ ಎಲ್ಲರೂ ಒಪ್ಪಿದಂತೆ. ನನ್ನ ಮೆಸೇಜ್ ಹೋಗುವ ಹೊತ್ತಿಗೆ ಸಭೆ ಮುಂದಿನ ಪ್ಯಾರಾಕ್ಕೆ ಹೋಗಿಯಾಗಿತ್ತು.

ಸಂಜೆ ದ್ವೀಪದ ಆ ಮಹಿಳೆ ಫೋನ್ ಮಾಡಿದರು. ಬೈಯಲಿಲ್ಲ.

"ನಿಮ್ಮ ಟಿಪ್ಪಣಿಯಲ್ಲಿ ಒಂದೂ ತಪ್ಪಿಲ್ಲ," ಎಂದರು ಇಂಗ್ಲಿಷಿನಲ್ಲಿ. "ಬೇಗ ಬನ್ನಿ ಅಂತ ಎರಡು ಶಬ್ದ ಕಳಿಸಿದ್ದರೆ ಸಾಕಿತ್ತು."

ಲೋಕಲ್ ರೈಲಿನಲ್ಲಿ ಮುಲುಂಡ್‌ವರೆಗೆ ನಿಂತೇ ಬಂದೆ. ಮನೆಯಲ್ಲಿ ಅವ್ವ ಬಡಿಸುತ್ತ ನನ್ನ ಮುಖ ನೋಡಿದಳು. ಧಾರವಾಡ ಬಿಟ್ಟು ಮೂವತ್ತು ವರ್ಷವಾದರೂ ಅವಳ ಮಾತು ಬದಲಾಗಿಲ್ಲ.

"ಮಾತಿಲ್ಲ ಕತಿಯಿಲ್ಲ. ಆಫೀಸ್‌ನ್ಯಾಗೂ ಹಿಂಗ ಕುಂದರ್ತಿ ಏನು?"

"ಹಿಂಗ ಕುಂದರಾಕನ ಪಗಾರ ಕೊಡ್ತಾರವ್ವಾ," ಎಂದೆ. ಅವಳು ನಕ್ಕಳು.

ಮಾತುಕತೆಯ ಕೊನೆಯ ದಿನದ ಸಭೆಯಲ್ಲಿ ದ್ವೀಪದ ಪ್ರತಿನಿಧಿ ಮಾತಿಗೆ ಅವಕಾಶ ಕೇಳಿದರು. ಪರದೆಯ ಮೇಲೆ ಅವರ ಸುತ್ತಲಿನ ಕುರ್ಚಿಗಳು ಆಗಲೇ ಖಾಲಿಯಾಗಿದ್ದವು.

"ಈ ಸಾಲು ತೀರ್ಮಾನವಾದಾಗ ನಾನು ಇನ್ನೊಂದು ಕೋಣೆಯಲ್ಲಿದ್ದೆ. ನಮ್ಮ ದೇಶದಿಂದ ಬಂದವಳು ನಾನೊಬ್ಬಳೇ."

ನನ್ನ ವಿಷಯ ಎತ್ತಲಿಲ್ಲ. ಅಧ್ಯಕ್ಷರು ವಂದಿಸಿ, ಗಮನಿಸಲಾಗಿದೆ ಎಂದರು. ಸಾಲು ಬದಲಾದಂತೆಯೇ ಉಳಿಯಿತು.

ನಮ್ಮ ಸಂಸ್ಥೆಯ ಆ ದಿನದ ವರದಿ ಬರೆಯುವ ಸರದಿ ನನ್ನದು. ಒಂದು ದೇಶ ಆಕ್ಷೇಪ ದಾಖಲಿಸಿತು ಎಂದು ಬರೆದು, ಅದು ತಡವಾದದ್ದು ನನ್ನಿಂದ ಎಂದೂ ಸೇರಿಸಿದೆ. ಮೇಲಿನವರು ಇಂಥದ್ದೆಲ್ಲ ಹೊರಗೆ ಹೋಗುವುದು ಬೇಡ ಎಂದು ಎರಡನೆಯ ವಾಕ್ಯವನ್ನು ತೆಗೆದು ಕಳಿಸಿದರು.