ಓಕ್ ಸಾಹೇಬರ ಗಡಿಯಾರದ ಕಪಾಟು

ನಮ್ಮ ಭಾಂಡುಪ್ ಚಾಳಿನ ಸಾಯಬಣ್ಣನಿಗೆ ಓದಲು ಬರುತ್ತಿರಲಿಲ್ಲ. ಹಾಗೆಂದು ಯಾರಾದರೂ ಅಂದರೆ ಮಾತ್ರ ಮೂಗಿನ ತುದಿಯಲ್ಲೇ ಸಿಟ್ಟು. "ಮುಂಬೈ ಒಳಗ ಮಂದೀನ್ನ ಓದಬೇಕ್ರಿ, ಚೀಟಿ ಅಲ್ಲ" ಎನ್ನುತ್ತಿದ್ದ. ಯಾದಗಿರಿ ಕಡೆಯಿಂದ ಬಂದು ಹದಿನೈದು ವರ್ಷ ಕುರ್ಲಾದ ಹಳೇ ಫರ್ನಿಚರ್ ಅಂಗಡಿಯೊಂದರಲ್ಲಿ ಹಮಾಲಿ ಮಾಡಿದವನು. ಅವನು ಹೊತ್ತ ಯಾವ ಸಾಮಾನಿಗೂ ಒಂದು ಗೀರು ಬಿದ್ದದ್ದಿಲ್ಲ.

ಎಪ್ಪತ್ತೊಂದನೇ ಇಸವಿಯ ದೀಪಾವಳಿಗೆ ಮುಂಚಿನ ಒಂದು ಶನಿವಾರ ಅಂಗಡಿಯ ಸೇಟ್ ಅವನನ್ನು ಕರೆದ. ಆಳೆತ್ತರದ ಒಂದು ಕಪಾಟು ಕಳಿಸಬೇಕಿತ್ತು. ಮೈತುಂಬ ದ್ರಾಕ್ಷಿ ಬಳ್ಳಿಯ ಕೆತ್ತನೆ, ಬಾಗಿಲುಗಳ ಮೇಲೆ ಸಿಂಹದ ಮುಖ, ನೆತ್ತಿಯಲ್ಲಿ ಮರದೊಳಗೇ ಕೂರಿಸಿದ ಗಡಿಯಾರ. ಗಡಿಯಾರ ನಿಂತು ಎಷ್ಟು ವರ್ಷವಾಗಿತ್ತೋ. "ಓಕ್ ಕಾ ಕಪಾಟ್ ಹೈ, ಸಂಭಾಲ್‌ಕೆ" ಎಂದು ಎಚ್ಚರಿಸಿ ಸೇಟ್ ವಿಳಾಸದ ಚೀಟಿ ಕೊಟ್ಟ. ಇದನ್ನು ಸರಿಯಾಗಿ ಮುಟ್ಟಿಸಿದರೆ ಇನ್ನು ಮೇಲೆ ಹಮಾಲರಿಗೆಲ್ಲ ನೀನೇ ಮುಕಾದಮ ಎಂದೂ ಹೇಳಿದ. ಮುಕಾದಮನಾದರೆ ಭಾರ ಹೊರಬೇಕಾಗಿಲ್ಲ, ಹೊರಿಸಿದರೆ ಸಾಕು. ಸಾಯಬಣ್ಣನ ಬಲಭುಜ ಆಗಲೇ ಮಾತು ಕೇಳುತ್ತಿರಲಿಲ್ಲ. ಹೆಂಡತಿ ಸುಂದ್ರವ್ವ ಸಂಜೆಯೊಳಗೆ ಚಾಳಿಗೆಲ್ಲ ಸುದ್ದಿ ಹಂಚಿಬಿಟ್ಟಿದ್ದಳು.

ಟೆಂಪೋದವನು ಚೀಟಿ ನೋಡಿ ಮುಲುಂಡಿನ ಬಿಲ್ಡಿಂಗ್ ಮುಂದೆ ನಿಲ್ಲಿಸಿದ. ಇನ್ನು ಚೀಟಿ ಯಾಕೆ? ಸಾಯಬಣ್ಣ ಅದನ್ನು ಕಿಸೆಗೆ ತುರುಕಿ ವಾಚ್‌ಮನ್‌ನನ್ನು ಕೇಳಿದ, "ಓಕ್ ಸಾಹೇಬರ ಮನಿ ಯಾವುದು?"

ನಗಬೇಡಿ. ಓಕ್ ಎನ್ನುವುದು ಮರಾಠಿಯವರ ಅಡ್ಡಹೆಸರು, ಅಂಥ ಮನೆಯ ಸಾಮಾನನ್ನು ಅವನು ಹಿಂದೆ ಹೊತ್ತಿದ್ದ. ಸೇಟ್ ಹೇಳಿದ 'ಓಕ್ ಕಾ' ಅಂದರೆ ಓಕ್ ಅವರದು ಎಂದೇ ತಿಳಿದ. ಅದು ವಿಲಾಯತಿ ಮರದ ಹೆಸರೂ ಹೌದೆಂದು ಅವನಿಗೆ ಹೇಳಿದವರು ಯಾರು? ಅವನು ಕಂಡ ಮರ ಬೇವು, ಬನ್ನಿ, ಜಾಲಿ, ಬಹಳವೆಂದರೆ ಸಾಗವಾನಿ. ಗ್ರಹಚಾರಕ್ಕೆ ಆ ಬಿಲ್ಡಿಂಗಿನಲ್ಲಿ ಒಬ್ಬ ಓಕ್ ಸಾಹೇಬರಿದ್ದರು. ಮೂರನೇ ಮಾಳಿಗೆ. ಜೊತೆಯ ಹಮಾಲರೊಡನೆ ಕಪಾಟನ್ನು ಅಲ್ಲಿಗೇ ಹತ್ತಿಸಿದ.

ಬಾಗಿಲು ತೆರೆದ ಓಕ್ ಸಾಹೇಬರ ಸೊಸೆ ಬೆರಗಾಗಿ, "ಬಾಬಾ, ನೀವು ತರಿಸಿದ್ದಾ?" ಎಂದು ಒಳಗೆ ಕೇಳಿದಳು. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಮುದುಕರು ಹೊರಳಿದರು. ಕಪಾಟನ್ನು ನೋಡಿದರು, ಗಡಿಯಾರವನ್ನು ನೋಡಿದರು. "ಹಾಂ. ಇಲ್ಲೇ ಇಡು."

ಸೋಮವಾರ ಬೆಳಿಗ್ಗೆ ಅಂಗಡಿಯಲ್ಲಿ ರಂಪ. ಕಪಾಟು ಕೊಂಡ ಠಕ್ಕರ್ ಅದೇ ಬಿಲ್ಡಿಂಗಿನ ಎರಡನೇ ಮಾಳಿಗೆಯವನು, ಬಂದು ಕೂಗಾಡುತ್ತಿದ್ದ. ಓಕ್ ಅಂದರೆ ಮರವೆಂದು ಸಾಯಬಣ್ಣನಿಗೆ ಗೊತ್ತಾದದ್ದು ಆಗಲೇ. ಜೊತೆಯ ಹಮಾಲ ಹಣಮಂತನನ್ನೂ ಇನ್ನಿಬ್ಬರನ್ನೂ ಕರೆದುಕೊಂಡು ಮುಲುಂಡಿಗೆ ಓಡಿದ.

ಮೂರನೇ ಮಾಳಿಗೆಯ ಬಾಗಿಲಲ್ಲೇ ಟಿಕ್ ಟಿಕ್ ಕೇಳಿಸಿತು. ಓಕ್ ಸಾಹೇಬರು ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದರು, ಬೆರಳೆಲ್ಲ ಎಣ್ಣೆ. ರೈಲ್ವೆಯಲ್ಲಿ ಮೂವತ್ತು ವರ್ಷ ಸ್ಟೇಷನ್ನುಗಳ ಗಡಿಯಾರ ರಿಪೇರಿ ಮಾಡಿದವರಂತೆ. ಹೆಂಡತಿ ಹೋದ ಮೇಲೆ ಮಂಚ ಹಿಡಿದವರು ಆರು ತಿಂಗಳು ಎದ್ದಿರಲಿಲ್ಲ. "ನಿನ್ನೆ ತಾವೇ ಕೇಳಿ ಊಟ ಮಾಡಿದರು" ಎಂದಳು ಸೊಸೆ.

ಬಂದ ಕಾರಣ ಸಾಯಬಣ್ಣ ಹೇಳುವ ಮೊದಲೇ ಓಕ್ ಸಾಹೇಬರು ಎದ್ದರು. "ನಾನೇನೂ ತರಿಸಿರಲಿಲ್ಲಪ್ಪ. ಗೊತ್ತಿದ್ದೇ ಹಾಂ ಅಂದೆ. ತಗೊಂಡು ಹೋಗು" ಎಂದು ಗಡಿಯಾರದ ಲೋಲಕವನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟರು. ಟಿಕ್ ಟಿಕ್ ನಿಂತಿತು. ಆ ಮನೆಯಲ್ಲಿ ಆಗ ಆದ ಸಪ್ಪಳವಿಲ್ಲದ ಹೊತ್ತನ್ನು ಸಾಯಬಣ್ಣ ಕೊನೆಯವರೆಗೂ ಮರೆಯಲಿಲ್ಲ.

ಕಪಾಟನ್ನು ಎರಡನೇ ಮಾಳಿಗೆಗೆ ಇಳಿಸಿದ ಮೇಲೆ ಹಣಮಂತ ಕಿವಿಯಲ್ಲಿ ಹೇಳಿದ, "ಅಣ್ಣಾ, ಮುದುಕಾನೇ ಸುಳ್ಳು ಹೇಳಿ ಇಟ್ಕೊಂಡಾನಂತ ಸೇಟ್‌ಗೆ ಹೇಳು. ನಿನ್ನ ಮುಕಾದಮಕಿ ಉಳೀತದ."

ಅದು ನಿಜವೂ ಆಗಿತ್ತು. ಆದರೆ ಹಾಗೆ ಹೇಳಿದರೆ ಠಕ್ಕರ್ ಮೇಲಿನ ಮಾಳಿಗೆಗೆ ಹೋಗಿ ಆ ಮುದುಕರ ಮಾನ ಕಳೆಯದೆ ಬಿಡುತ್ತಿದ್ದನೇ? ಸಾಯಬಣ್ಣ ಸೇಟ್ ಮುಂದೆ ನಿಂತು, "ಕೇಳಿದ್ದೂ ನಾನೇ, ಇಟ್ಟಿದ್ದೂ ನಾನೇ. ತಪ್ಪು ನಂದೇ ಅದ" ಎಂದ. ನನಗಾಗಿದ್ದರೆ ಇಷ್ಟು ಎದೆ ಇರುತ್ತಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಮುಕಾದಮಕಿ ಹಣಮಂತನಿಗೆ ಹೋಯಿತು. ಸುಂದ್ರವ್ವ ಎಂಟು ದಿನ ನಲ್ಲಿಯ ಹತ್ತಿರ ಯಾರ ಮುಖವನ್ನೂ ನೋಡಲಿಲ್ಲ.

ಒಂದು ತಿಂಗಳಾಗಿರಬೇಕು. ಅಂಗಡಿಯವರು ಮುಳ್ಳು ಮುರಿದ ಹಳೇ ಗೋಡೆ ಗಡಿಯಾರವೊಂದನ್ನು ಭಂಗಾರಕ್ಕೆ, ಅಂದರೆ ಗುಜರಿಗೆ ಹಾಕಿದ್ದರು. ಸಾಯಬಣ್ಣ ಅದನ್ನು ಕೇಳಿ ಪಡೆದ, ಭಾನುವಾರ ತೊಳೆದ ಅಂಗಿ ಹಾಕಿಕೊಂಡು, ಗಡಿಯಾರ ಕಂಕುಳಲ್ಲಿಟ್ಟು ಲೋಕಲ್ ಹತ್ತಿದ. ಮೂರನೇ ಮಾಳಿಗೆಯ ಬಾಗಿಲು ತೆರೆದ ಸೊಸೆ ಅವನನ್ನು ನೋಡಿದಳು, ಗಡಿಯಾರವನ್ನು ನೋಡಿದಳು. "ಇದು ಯಾರದು? ಮತ್ತೆ ಮನೆ ತಪ್ಪಿ ಬಂದಿರಾ?"

ಸಾಯಬಣ್ಣ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. "ಹೌದ್ರೀ ಬಾಯಿ. ಮತ್ತ ತಪ್ಪಾಗ್ಯಾದ."