ಒದ್ದೆ ರಟ್ಟಿನ ವಾಸನೆ

ಕಳೆದ ವಾರದ ಮಳೆಗೆ ನಮ್ಮ ಕ್ರೇಗಿಬರ್ನ್ ಮನೆಯ ಗರಾಜು ಸೋರಿ, ಮೂಲೆಯಲ್ಲಿದ್ದ ಹಳೆಯ ರಟ್ಟಿನ ಡಬ್ಬಗಳೆಲ್ಲ ನೆನೆದುಹೋದವು. ಬಾಗಿಲು ಎತ್ತಿದ ಕೂಡಲೇ ಒದ್ದೆ ರಟ್ಟಿನ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಬರೀ ಮುಗ್ಗಲು ವಾಸನೆ. ನನಗೆ ಸಿಡ್ನಿಯ ಅಂಕಲ್ ನೆನಪಾಗಿ ಕಿವಿ ಬಿಸಿಯಾಯಿತು.

ಎರಡು ಸಾವಿರದ ಎಂಟರ ಆಸುಪಾಸು. ಆಗ ನಾವು ಇದೇ ಊರಿನ ಇನ್ನೊಂದು ಬಡಾವಣೆ ಬಾಕ್ಸ್ ಹಿಲ್‌ನಲ್ಲಿ ಬಾಡಿಗೆಗಿದ್ದೆವು. ನನಗೆ ಹೊಸದಾಗಿ ಬಿಯರ್ ಹುಚ್ಚು ಹಿಡಿದಿತ್ತು. ಕುಡುಕತನವಲ್ಲ, ಹುಚ್ಚು, ಎರಡಕ್ಕೂ ವ್ಯತ್ಯಾಸವಿದೆ ಎಂದು ಹೆಂಡತಿಯನ್ನು ನಂಬಿಸಲು ಈಗಲೂ ಆಗಿಲ್ಲ. ಸಣ್ಣ ಬ್ರೂವರಿಗಳ ಬಿಯರ್ ಆಯಾ ಊರು ಬಿಟ್ಟರೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಅದಕ್ಕೇ ನಮ್ಮಂಥವರದೊಂದು ಆನ್‌ಲೈನ್ ಫೋರಂ ಇತ್ತು. ನಮ್ಮೂರಿನ ಬಾಟಲಿ ನಾನು ಕಳಿಸುವುದು, ನಿಮ್ಮೂರಿನದು ನೀವು. ಇಬ್ಬರೂ ಒಂದೇ ದಿನ ಪೋಸ್ಟ್ ಮಾಡಬೇಕು. ತಲುಪಿದ ಮೇಲೆ ಎಲ್ಲರಿಗೂ ಕಾಣುವಂತೆ ಒಬ್ಬರ ಬಗ್ಗೆ ಒಬ್ಬರು ನಾಲ್ಕು ಮಾತು ಬರೆಯಬೇಕು. ಮುಖ ನೋಡದವರ ನಡುವೆ ಆ ನಾಲ್ಕು ಮಾತೇ ಮರ್ಯಾದೆ.

ಅಲ್ಲಿ ಎಲ್ಲರಿಗೂ ಅಡ್ಡಹೆಸರು. ಸಿಡ್ನಿಯ ಒಬ್ಬರಿಂದ ಬಂದ ಮೊದಲ ಡಬ್ಬ ಬಿಚ್ಚಿದರೆ, ಬಾಟಲಿಗಳಿಗೆ ಸುತ್ತಿದ್ದದ್ದು ಕನ್ನಡ ಪತ್ರಿಕೆ! ಕೇಳಿದ್ದು ಎರಡು ಬಾಟಲಿ, ಒಳಗಿದ್ದದ್ದು ಮೂರು. ಮೂರನೆಯದನ್ನು ಅವರೇ ಮನೆಯಲ್ಲಿ ಓಲೆಬೆಲ್ಲ, ಅಂದರೆ ತಾಳೆಬೆಲ್ಲ, ಹಾಕಿ ಮಾಡಿದ್ದರು. ನಂಬರ್ ತರಿಸಿಕೊಂಡು ಫೋನ್ ಮಾಡಿದೆ.

"ಎಂತ ಮಾರಾಯ, ನೀನು ಕನ್ನಡದವನಾ? ನಾನು ಯಾರೋ ಬಿಳಿಯ ಅಂತ ಗ್ರಹಿಸಿದ್ದೆ!" ಉಡುಪಿ ಕಡೆಯ ಮಾತು.

"ಅಂಕಲ್, ಒಂದು ಬಾಟ್ಲಿ ಎಕ್ಸ್‌ಟ್ರಾ ಬಂದಿದ್ಯಲ್ಲ?"

"ಅದು ಕೊಸರು. ಮೀನಿನವಳೂ ಒಂದು ಬಂಗುಡೆ ಕೊಸರು ಹಾಕ್ತಾಳೆ, ನಾನು ಹಾಕದಿದ್ರೆ ಹೇಗೆ?"

ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಫೋನು. ಒಮ್ಮೆಯೂ ಮುಖಾಮುಖಿಯಾಗಲಿಲ್ಲ. ಆದರೂ ಗ್ಲಾಸು ತೊಳೆಯುವುದರಿಂದ ಹಿಡಿದು ನೊರೆ ಮೂಸುವವರೆಗೆ ನನಗೆ ಕಲಿಸಿದವರು ಅವರೇ. ಬಿಸಿ ತಾಗಿದ ಬಿಯರ್‌ಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ, ತಮಗೆ ಮೊದಲ ಗುಟುಕಿನಲ್ಲೇ ಗೊತ್ತಾಗುತ್ತದೆ ಎಂದು ಜಂಬದಿಂದ ಹೇಳುತ್ತಿದ್ದರು. ಆ ನಗು ಇನ್ನೂ ಕಿವಿಯಲ್ಲಿದೆ...

ಒಂದು ಬೇಸಿಗೆಯ ಭಾನುವಾರ ದನಿ ಸಣ್ಣದಾಗಿತ್ತು. "ಬಾಯಿಗೆ ರೇಡಿಯೇಶನ್ ಕೊಡ್ತಾರಂತೆ ಮಾರಾಯ. ಆಮೇಲೆ ರುಚಿ ಬರುದು ಡೌಟಂತೆ. ಅದಕ್ಕೆ ಮೊದಲು ನಿಮ್ಮಲ್ಲಿಯ ಆ ಕಪ್ಪು ಸ್ಟೌಟ್ ಒಂದು ಸಿಗಬಹುದಾ? ಬದಲಿಗೆ ಎಂತ ಬೇಕಾದ್ರೂ ಕೇಳು."

ಅದು ಡ್ಯಾಂಡಿನಾಂಗ್‌ನ ಒಂದು ಶೆಡ್ಡಿನಲ್ಲಿ ಒಂದೇ ಸಲ ತಯಾರಾದ ಬಿಯರ್. ಆ ಬ್ರೂವರಿ ಆಗಲೇ ಮುಚ್ಚಿತ್ತು. ನನ್ನ ಹತ್ತಿರ ಎರಡು ಬಾಟಲಿ ಇದ್ದವು. ಒಂದು ಕಪಾಟಿನ ತಳದಲ್ಲಿ ಭದ್ರವಾಗಿತ್ತು. ಇನ್ನೊಂದನ್ನು ಕಾರಿನ ಡಿಕ್ಕಿಯಲ್ಲಿ ಮರೆತಿದ್ದೆ. ನಲವತ್ತು ಡಿಗ್ರಿ ದಾಟಿದ ವಾರವಿಡೀ ಅದು ಅಲ್ಲೇ ಬೆಂದಿತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ.

ಆಗ ಯೋಚಿಸಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಹೇಗೂ ಅವರ ಬಾಯಿ ಕೆಟ್ಟಿದೆ, ಏನು ಗೊತ್ತಾಗುತ್ತದೆ... ಹೌದು, ಹೀಗೇ ಯೋಚಿಸಿದೆ. ಬೆಂದ ಬಾಟಲಿಯನ್ನು ಚೆನ್ನಾಗಿ ಸುತ್ತಿ ಕಳಿಸಿದೆ. ಯಾವತ್ತೂ ಇಲ್ಲದವನು ಕೊಸರಿಗೆ ಎರಡು ಬಾಟಲಿ ಹಾಕಿದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ವಾರದಲ್ಲಿ ಫೋರಂನಲ್ಲಿ ಅವರ ಮಾತು ಬಂತು. ಪ್ಯಾಕಿಂಗ್ ಅಚ್ಚುಕಟ್ಟು, ಧಾರಾಳ ಮನಸ್ಸಿನ ಹುಡುಗ, ಇವನ ಜೊತೆ ಕಣ್ಣು ಮುಚ್ಚಿ ಟ್ರೇಡ್ ಮಾಡಿ ಎಂದು ಬರೆದಿದ್ದರು. ರುಚಿಯ ಬಗ್ಗೆ ಒಂದಕ್ಷರವಿರಲಿಲ್ಲ. ಬಚಾವಾದೆ ಎಂದುಕೊಂಡೆ.

ಮರುವಾರ ಕೇಳದೇ ಒಂದು ಡಬ್ಬ ಬಂತು. ಒಳಗೆ ಓಲೆಬೆಲ್ಲದ ಬಿಯರ್, ಜೊತೆಗೊಂದು ಚೀಟಿ: "ಗ್ಲಾಸು ಪೂರ್ತಿ ಖಾಲಿ ಮಾಡಿದೆ ಮಾರಾಯ. ನೀನು ಪ್ರೀತಿಯಲ್ಲಿ ಕಳಿಸಿದ್ದಲ್ವಾ. ಆದ್ರೆ ಅದಕ್ಕೆ ಎಲ್ಲಿಯೋ ಬಿಸಿ ತಾಗಿತ್ತು, ಪಾಪ ನಿಂಗೆ ಗೊತ್ತಿರ್ಲಿಕ್ಕಿಲ್ಲ. ಇನ್ನೊಂದು ಇದ್ರೆ ತಂಪಲ್ಲಿಟ್ಟು ನೀನೇ ಕುಡಿ. ಸೋಮವಾರದಿಂದ ನನ್ನ ಟ್ರೀಟ್‌ಮೆಂಟ್ ಶುರು."

ಅಂದು ಬುಧವಾರ. ಎಕ್ಸ್‌ಪ್ರೆಸ್ ಪೋಸ್ಟಿನಲ್ಲಿ ಕಳಿಸಿದ್ದರೆ ಒಳ್ಳೆಯ ಬಾಟಲಿ ಶುಕ್ರವಾರ ಅವರ ಕೈಯಲ್ಲಿರುತ್ತಿತ್ತು. ಆದರೆ ಕಳಿಸಿದರೆ, ಅದು ಮೊದಲಿನಿಂದಲೂ ನನ್ನಲ್ಲಿತ್ತು ಎಂದು ಗೊತ್ತಾಗುತ್ತದಲ್ಲ! ಮರ್ಯಾದೆ ಉಳಿಸಿಕೊಳ್ಳಲು ಸುಮ್ಮನಿದ್ದೆ. ಗುರುವಾರ ಹೋಯಿತು, ಶುಕ್ರವಾರ ಹೋಯಿತು... ಭಾನುವಾರ ಫೋನ್ ರಿಂಗಾದಾಗ ಎತ್ತಲಿಲ್ಲ. ತಿಂಗಳುಗಳ ಮೇಲೆ ಧೈರ್ಯ ಮಾಡಿ ನಾನೇ ಫೋನ್ ಮಾಡಿದರೆ ಆ ನಂಬರ್ ಚಾಲ್ತಿಯಲ್ಲಿರಲಿಲ್ಲ. ಮುಂದೆ ಫೋರಂ ಕೂಡ ಮುಚ್ಚಿತು. ಅವರು ಇದ್ದಾರೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನಂತೂ ಅವರನ್ನು ಆ ಬುಧವಾರವೇ ಕಳೆದುಕೊಂಡೆ.

ಮೊನ್ನೆ ಗರಾಜಿನ ಒದ್ದೆ ಡಬ್ಬದ ತಳದಲ್ಲಿ ಆ ಒಳ್ಳೆಯ ಬಾಟಲಿ ಇತ್ತು, ಅವರದೇ ಕನ್ನಡ ಪತ್ರಿಕೆ ಸುತ್ತಿಕೊಂಡು. ಮೂರು ಮನೆ ಬದಲಿಸಿದರೂ ಜೊತೆಗೇ ಬಂದಿತ್ತು; ತೆರೆಯಲು ಮಾತ್ರ ಮನಸ್ಸಾಗಿರಲಿಲ್ಲ.

"ಇದನ್ನೂ ಬಿಸಾಕ್ಲಾ?" ಎಂದಳು ಹೆಂಡತಿ.

"ಬೇಡ, ಕೊಡಿಲ್ಲಿ."

ಒಳಗಿನಿಂದ ಗ್ಲಾಸು ತಂದು ಅಲ್ಲೇ ತೆರೆದು ಸುರಿದೆ. ನೊರೆ ಏಳಲಿಲ್ಲ. ಒಂದು ಗುಟುಕು ಕುಡಿದೆ. ಇಷ್ಟು ವರ್ಷ ಕಾಪಾಡಿದ್ದೂ ಕೆಟ್ಟಿತ್ತು, ಬಾಯಿ ತುಂಬ ಅದೇ ಒದ್ದೆ ರಟ್ಟು. ಅಂಕಲ್ ಇಂಥದ್ದನ್ನೇ ನನ್ನ ಮೇಲಿನ ಪ್ರೀತಿಗೆ ಗ್ಲಾಸು ಪೂರ್ತಿ ಕುಡಿದಿದ್ದರು. ನನಗೆ ಎರಡನೇ ಗುಟುಕು ಗಂಟಲಲ್ಲಿ ಇಳಿಯಲಿಲ್ಲ.